ಕೊಡುವ ಕೊಳಗ, ಕೊಳ್ಳುವ ಕೊಳಗ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಮೇಗರವಳ್ಳಿ ಇದೆ. ಒಂದು ನವೆಂಬರ್ ಸಂಜೆ ಅಲ್ಲಿ ಪರಿಚಯದ ದಿನಸಿ ಅಂಗಡಿಯೊಂದರಲ್ಲಿ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಅಂಗಡಿಯ ಸಾಹೇಬರು ಹಳ್ಳಿಯ ಹೆಂಗಸೊಬ್ಬರು ತಂದಿದ್ದ ಕಾಳುಮೆಣಸು ತೂಗುತ್ತಿದ್ದರು. ಅವರ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಪುಸ್ತಕ ಹಿಡಿದು ಬಂದವಳು ಕೇಳಿದಳು:

“ಮೇಷ್ಟ್ರೇ, ಇಂಟೆಗ್ರಿಟಿ ಅಂದ್ರೆ ಏನು? ಬ್ಯಾಂಕಿನಲ್ಲಿ ಅದರದ್ದೇ ಪ್ರತಿಜ್ಞೆ ಗೋಡೆಗೆ ಅಂಟಿಸಿದ್ದಾರೆ.”

ಪ್ರತಿ ವರ್ಷ ಅಕ್ಟೋಬರ್ ಕೊನೆಯ ಹೊತ್ತಿಗೆ ಕೇಂದ್ರ ಜಾಗೃತ ಆಯೋಗದವರು ಭ್ರಷ್ಟಾಚಾರದ ವಿರುದ್ಧ ಅರಿವಿನ ಸಪ್ತಾಹ ನಡೆಸುತ್ತಾರೆ. ಸರಕಾರಿ ಕಚೇರಿ, ಬ್ಯಾಂಕುಗಳಲ್ಲಿ ನೌಕರರು ಸಾಲಾಗಿ ನಿಂತು ಆ ಪ್ರತಿಜ್ಞೆ ಓದುತ್ತಾರೆ. ಹುಡುಗಿ ನೋಡಿದ್ದು ಅದನ್ನೇ ಇರಬೇಕು. “ಪ್ರಾಮಾಣಿಕತೆ ಎಂದು ಬರೆದುಕೋ” ಎಂದೆ.

“ಹಾಗಾದ್ರೆ ಆನೆಸ್ಟಿ?”

“ಅದೂ ಪ್ರಾಮಾಣಿಕತೆಯೇ.”

“ಎರಡಕ್ಕೂ ಒಂದೇ ಶಬ್ದವಾ? ದೇಶದ ಇಂಟೆಗ್ರಿಟಿ ಅಂದ್ರೆ ಅಖಂಡತೆ ಅಂತ ನೀವೇ ಅಲ್ವಾ ಶಾಲೆಯಲ್ಲಿ ಹೇಳಿಕೊಟ್ಟಿದ್ದು?”

ನಾನು ಉತ್ತರ ಹುಡುಕುತ್ತಿರುವಾಗಲೇ ತಕ್ಕಡಿಯಿಂದ ಕಣ್ಣು ತೆಗೆಯದೆ ಸಾಹೇಬರು, “ನಿಯತ್ತು ಅಂತ ಬರ್ಕೋ ಮಗಳೇ, ಮುಗೀತು” ಎಂದರು. ಅಷ್ಟರಲ್ಲಿ ಬಸ್ಸು ಬಂತು. ನಾನು ಹತ್ತಿ ಕುಳಿತೆ. ಆದರೆ ಪ್ರಶ್ನೆ ಇಳಿಯಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಾನು ಈ ಶಬ್ದದ ಬಗ್ಗೆ ಒಮ್ಮೆಯೂ ನಿಂತು ಯೋಚಿಸಿರಲಿಲ್ಲ. ಮನೆಗೆ ಬಂದು ನಿಘಂಟು ತೆರೆದೆ. ಅಲ್ಲಿಂದ ಮುಂದೆ ಮನಸ್ಸಿಗೆ ಬಂದದ್ದನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಇಂಟೆಗ್ರಿಟಿ ಇಂಗ್ಲಿಷಿಗೆ ಬಂದು ಸುಮಾರು ಆರು ನೂರು ವರ್ಷಗಳಾಗಿವೆ. ಅದರ ತವರು ಲ್ಯಾಟಿನ್. ಅಲ್ಲಿ ‘ಇಂಟೆಜರ್’ ಎಂಬ ಶಬ್ದವಿದೆ. ‘ಇನ್’ ಎಂದರೆ ಅಲ್ಲದ, ಇಲ್ಲದ. ‘ಟಾಂಗೆರೆ’ ಎಂದರೆ ಮುಟ್ಟು. ಎರಡೂ ಸೇರಿದರೆ ಮುಟ್ಟದ, ಕೈ ತಾಗದ, ಹಾಗಾಗಿ ಒಡೆಯದೆ ಇಡಿಯಾಗಿ ಉಳಿದ ಎಂದು ಅರ್ಥ. ನಮ್ಮ ಮಕ್ಕಳು ಗಣಿತದಲ್ಲಿ ಓದುವ ಪೂರ್ಣಾಂಕಕ್ಕೆ ಇಂಗ್ಲಿಷಿನಲ್ಲಿ ಇಂಟೆಜರ್ ಎಂದೇ ಹೆಸರು. ಒಂದು, ಎರಡು, ಮೂರು ಪೂರ್ಣಾಂಕಗಳು. ಅರ್ಧ, ಮುಕ್ಕಾಲು ಅಲ್ಲ. ಯಾರಿಗೂ ಏಟಾಗದೆ ಸುರಕ್ಷಿತವಾಗಿ ಬಂದ ಪಾರ್ಸೆಲ್ಲಿಗೆ ಹೇಳುವ ‘ಇಂಟ್ಯಾಕ್ಟ್’, ಇಡೀ ಎನ್ನುವುದಕ್ಕೆ ಬಳಸುವ ‘ಎಂಟೈರ್’ ಕೂಡ ಇದೇ ಕುಲದವು.

ಅಂದರೆ ಇಂಟೆಗ್ರಿಟಿ ಮೂಲತಃ ಸತ್ಯ ಹೇಳುವುದಕ್ಕೆ ಹುಟ್ಟಿದ ಶಬ್ದವಲ್ಲ. ಹೋಳಾಗದಿರುವುದು ಅದರ ಮೊದಲ ಅರ್ಥ. ಆನೆಸ್ಟಿ ಮಾತಿಗೆ, ವ್ಯವಹಾರಕ್ಕೆ ಹತ್ತಿರದ ಗುಣ; ಇಂಟೆಗ್ರಿಟಿ ಇಡೀ ಮನುಷ್ಯನಿಗೆ ಸಂಬಂಧಿಸಿದ್ದು. ಒಬ್ಬ ಸುಳ್ಳು ಹೇಳದೆಯೇ ಒಡೆದುಹೋಗಿರಬಹುದು. ಮಸೀದಿಯಲ್ಲಿ ಒಬ್ಬ, ಅಂಗಡಿಯಲ್ಲಿ ಒಬ್ಬ. ವೇದಿಕೆಯ ಮೇಲೆ ಒಬ್ಬ, ಅಡುಗೆಮನೆಯ ಬಾಗಿಲಲ್ಲಿ ಇನ್ನೊಬ್ಬ. ಪ್ರತಿಯೊಂದು ಕಡೆಯೂ ಆತ ಆ ಜಾಗಕ್ಕೆ ತಕ್ಕಂತೆ ನಿಜವನ್ನೇ ಆಡುತ್ತಿರಬಹುದು. ಆದರೆ ಎಲ್ಲವನ್ನೂ ಕೂಡಿಸಿದರೆ ಒಬ್ಬ ಮನುಷ್ಯನಾಗುವುದಿಲ್ಲ.

ಹುಡುಗಿ ಎತ್ತಿದ ಇನ್ನೊಂದು ಮಾತೂ ಸರಿಯಾದದ್ದೇ. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ಮೊದಲು ರಾಷ್ಟ್ರದ ಏಕತೆ ಎಂದಷ್ಟೇ ಇತ್ತು. 1976ರ 42ನೇ ತಿದ್ದುಪಡಿ ಅದರ ಪಕ್ಕದಲ್ಲಿ ಇಂಟೆಗ್ರಿಟಿಯನ್ನೂ ಸೇರಿಸಿತು. ಕನ್ನಡದಲ್ಲಿ ಅದು ಅಖಂಡತೆ. ದೇಶದ ವಿಷಯ ಬಂದಾಗ ಈ ಶಬ್ದದ ಮೂಲ ಅರ್ಥವನ್ನು ನಾವು ಉಳಿಸಿಕೊಂಡೆವು. ಮನುಷ್ಯನ ವಿಷಯ ಬಂದಾಗ ಪ್ರಾಮಾಣಿಕತೆ ಎಂದು ಬೇರೆ ದಾರಿ ಹಿಡಿದೆವು. ದೇಶ ತುಂಡಾಗಬಾರದು ಎಂಬ ಎಚ್ಚರ ನಮಗೆಲ್ಲರಿಗೂ ಇದೆ. ಮನುಷ್ಯ ಒಳಗೊಳಗೇ ತುಂಡಾಗುತ್ತಿದ್ದರೆ ಅದಕ್ಕೆ ಗಡಿಯಲ್ಲಿ ಕಾವಲಿಲ್ಲ.

ಆದರೆ ‘ಮುಟ್ಟದ’ ಎಂಬ ಅರ್ಥ ಕಂಡ ಕೂಡಲೇ ನಮ್ಮಂಥ ನಾಡಿನವರು ಸ್ವಲ್ಪ ತಡೆಯಬೇಕು. ಮುಟ್ಟದೆ ಉಳಿಯುವುದನ್ನೇ ದೊಡ್ಡ ಧರ್ಮವೆಂದು ತಿಳಿದಿದ್ದ ಸಮಾಜ ನಮ್ಮದು. ಮಡಿಯಲ್ಲಿರುವುದು, ಕೆಲವರ ನೆರಳಿನಿಂದಲೂ ದೂರ ಸರಿಯುವುದು, ಕೆಲವರಿಗೆ ಅಂಗಳದಲ್ಲೇ ಎತ್ತಿ ನೀರು ಹೊಯ್ಯುವುದು, ಇವೆಲ್ಲ ಶುದ್ಧಿಯ ಹೆಸರಿನಲ್ಲೇ ನಡೆದವು. ಇದೇ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರು ‘ಸಂಸ್ಕಾರ’ದಲ್ಲಿ ಎತ್ತಿದ್ದು ಈ ಪ್ರಶ್ನೆಯನ್ನೇ. 1965ರಲ್ಲಿ ಬಂದ ಆ ಕಾದಂಬರಿಯಲ್ಲಿ ಅಗ್ರಹಾರ ಮುಟ್ಟು-ಮೈಲಿಗೆಗಳ ಲೆಕ್ಕ ಹಾಕುತ್ತ ಕುಳಿತಿರುವಾಗ ಒಂದು ಹೆಣ ಸಂಸ್ಕಾರವಿಲ್ಲದೆ ಕೊಳೆಯುತ್ತದೆ. ಮನುಷ್ಯರನ್ನು ಮುಟ್ಟದೆ ಕಾಪಾಡಿಕೊಂಡ ಶುದ್ಧಿ ಕೊನೆಗೆ ಮನುಷ್ಯತ್ವಕ್ಕೇ ಎರವಾಗುತ್ತದೆ.

ಇದನ್ನು ಇನ್ನೊಬ್ಬರ ಕಡೆಗೆ ಬೆರಳು ತೋರಿಸಲು ಹೇಳುತ್ತಿಲ್ಲ. ತಾನು ಮಾತ್ರ ಶುದ್ಧ, ಉಳಿದವರೆಲ್ಲ ಕೆಟ್ಟವರು ಎಂಬ ಭಾವನೆ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮಲ್ಲೂ ಇದೆ. ಹಾಗಾದರೆ ಇಂಟೆಗ್ರಿಟಿ ಎಂದರೆ ಯಾವುದನ್ನು ಮುಟ್ಟದಿರುವುದು? ಮನುಷ್ಯರನ್ನಲ್ಲ, ತನ್ನದಲ್ಲದ್ದನ್ನು. ಇನ್ನೊಬ್ಬರ ಹಣವನ್ನು, ಇನ್ನೊಬ್ಬರ ಪಾಲನ್ನು, ಇನ್ನೊಬ್ಬರ ಮಾನವನ್ನು. ಅಂಗಡಿಯಲ್ಲಿ ಕೂರುವವನು, ಚುನಾವಣೆಗೆ ನಿಲ್ಲುವವನು, ಪಂಚಾಯ್ತಿ ಮಾಡುವವನು ಲೋಕವನ್ನು ಮುಟ್ಟಲೇಬೇಕು. ಲೋಕದಲ್ಲಿ ಕೈ ಇಟ್ಟೂ ಇಡಿಯಾಗಿ ಉಳಿಯುವುದೇ ಇಲ್ಲಿನ ಸವಾಲು. ಮೂಲೆಯಲ್ಲಿ ಕೂತು ಕೈ ತೊಳೆದುಕೊಳ್ಳುವವನಿಗೆ ಅಂಥ ಸವಾಲೇ ಎದುರಾಗುವುದಿಲ್ಲ.

ಈಗ ನಮ್ಮ ಶಬ್ದಕ್ಕೆ ಬರೋಣ. ಪ್ರಾಮಾಣಿಕ ಎಂಬುದು ಪ್ರಮಾಣದಿಂದ ಬಂದದ್ದು. ಪ್ರಮಾಣ ಎಂದರೆ ಅಳತೆ, ಮಾನದಂಡ. ಆಧಾರ, ಸಾಕ್ಷಿ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಆಣೆ ಮಾಡುವುದಕ್ಕೂ ಪ್ರಮಾಣ ಎನ್ನುತ್ತೇವೆ. ಮಂತ್ರಿಗಳು ಸ್ವೀಕರಿಸುವುದು ಪ್ರಮಾಣವಚನವನ್ನೇ. ಹಾಗೆ ನೋಡಿದರೆ ಪ್ರಾಮಾಣಿಕ ಎಂದರೆ ಅಳತೆಗೆ ಬದ್ಧನಾದವನು. ಇಂಗ್ಲಿಷ್ ಶಬ್ದ ಮನುಷ್ಯನನ್ನು ನೋಡಿ ನೀನು ಇಡಿಯಾಗಿದ್ದೀಯಾ ಎಂದು ಕೇಳುತ್ತದೆ. ನಮ್ಮ ಶಬ್ದ ಅವನ ಕೈಯಲ್ಲಿರುವ ಪಾತ್ರೆಯನ್ನು ನೋಡಿ ನಿನ್ನ ಅಳತೆ ಸರಿಯಿದೆಯಾ ಎಂದು ಕೇಳುತ್ತದೆ. ಎರಡೂ ಒಂದೇ ಪ್ರಶ್ನೆ ಎಂದು ನನಗೆ ತಿಳಿದದ್ದು ನಮ್ಮ ಜಿಲ್ಲೆಯದೇ ಒಂದು ಘಟನೆಯನ್ನು ನೆನೆದಾಗ.

ಸಾಗರ ತಾಲ್ಲೂಕಿನ ಕಾಗೋಡು ಚಿಕ್ಕ ಊರು. ಅಲ್ಲಿ 1951ರ ಏಪ್ರಿಲ್‌ನಲ್ಲಿ ಗೇಣಿದಾರರು ಸತ್ಯಾಗ್ರಹ ಆರಂಭಿಸಿದರು. ಹೆಚ್ಚಿನವರು ದೀವರ ಸಮುದಾಯದ ಬಡ ರೈತರು. ಹಲವು ಬೇಡಿಕೆಗಳಿದ್ದವು, ಹಲವು ಅವಮಾನಗಳಿದ್ದವು. ಆದರೆ ಜಗಳದ ನಡುವೆ ಇದ್ದದ್ದು ಒಂದು ಕೊಳಗ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂದು ಹಿರಿಯರಿಗೆಲ್ಲ ಗೊತ್ತು. ಒಡೆಯರು ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ದೂರು. ಹೆಸರು ಕೊಳಗವೇ, ಎಣಿಕೆಯೂ ಸರಿಯೇ. ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿಯೇ ಅಳೆಯುತ್ತಾರೆ. ಎಣಿಸುವವನು ಸುಳ್ಳು ಹೇಳುತ್ತಿಲ್ಲ. ಸುಳ್ಳು ಇರುವುದು ಪಾತ್ರೆಯ ಹೊಟ್ಟೆಯಲ್ಲಿ. ಪ್ರತಿ ಕೊಳಗದಲ್ಲೂ ಹೆಚ್ಚಿಗೆ ಹೋಗುವ ಹಿಡಿ ಭತ್ತವನ್ನು ಖಂಡುಗ ಖಂಡುಗಗಳಿಗೆ ಗುಣಿಸಿದರೆ ಒಂದು ಸಂಸಾರದ ಮಳೆಗಾಲದ ಗಂಜಿ ಆಗುತ್ತದೆ.

ಶಾಲಾ ಮೇಷ್ಟರಾಗಿದ್ದ ಎಚ್. ಗಣಪತಿಯಪ್ಪನವರು ಆ ರೈತರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷದವರು ಬೆಂಬಲಕ್ಕೆ ನಿಂತರು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರು ಆ ಹೋರಾಟದಲ್ಲಿ ಮುಂದಿದ್ದರು. ಅದೇ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಉತ್ತರದಿಂದ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಒಂದು ಸಣ್ಣ ಊರಿನ ಅಳತೆಯ ಪಾತ್ರೆ ದೇಶದ ಸುದ್ದಿಯಾಯಿತು. 1974ರಲ್ಲಿ ದೇವರಾಜ ಅರಸರ ಸರಕಾರ ಭೂ ಸುಧಾರಣಾ ತಿದ್ದುಪಡಿಯನ್ನು ಜಾರಿಗೆ ತಂದು ಉಳುವವನಿಗೇ ಹೊಲ ಎಂದಾಗ ಅದರ ಹಿಂದೆ ಕಾಗೋಡಿನ ನೆನಪೂ ಇತ್ತು.

ಕಾಗೋಡಿನ ಕತೆ ಓದುವಾಗಲೆಲ್ಲ ನನಗೆ ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ನೆನಪಾಗುತ್ತದೆ. ಅಲ್ ಮುತಫ್ಫಿಫೀನ್ ಎಂಬುದು ಅದರ ಹೆಸರು. ಅಳತೆಯಲ್ಲಿ ಮೋಸ ಮಾಡುವವರು ಎಂದು ಅರ್ಥ. ಒಂದು ಅಧ್ಯಾಯಕ್ಕೇ ಅವರ ಹೆಸರು! ಅದರ ಆರಂಭದಲ್ಲಿ ನಾಶದ ಎಚ್ಚರಿಕೆ ಇರುವುದು ಕಳ್ಳರಿಗಲ್ಲ, ದರೋಡೆಕೋರರಿಗಲ್ಲ. ತಾವು ಪಡೆಯುವಾಗ ಪೂರ್ತಿ ಅಳೆದುಕೊಂಡು ಇನ್ನೊಬ್ಬರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ. ಗಮನಿಸಬೇಕಾದ್ದು ಏನೆಂದರೆ, ಪೂರ್ತಿ ಪಡೆಯುವುದು ಅಪರಾಧವಲ್ಲ. ತನ್ನ ಹಕ್ಕನ್ನು ಪೂರ್ತಿ ಕೇಳುವುದು ನ್ಯಾಯವೇ. ಅಪರಾಧವಿರುವುದು ಪಡೆಯುವ ಕೈಗೂ ಕೊಡುವ ಕೈಗೂ ನಡುವೆ ಅಳತೆ ಬದಲಾಗುವುದರಲ್ಲಿ. ಪ್ರವಾದಿ ಶುಐಬ್ (ಅ) ತಮ್ಮ ಮದ್‌ಯನ್ ಜನರೊಡನೆ ವಾದಿಸಿದ್ದೂ ತೂಕ ಮತ್ತು ಅಳತೆಗಳ ಬಗ್ಗೆಯೇ. ದೇವನೊಬ್ಬನೇ ಎಂದು ಸಾರಿದ ಉಸಿರಿನಲ್ಲೇ ಅವರು ತಕ್ಕಡಿಯ ಮಾತನ್ನೂ ಆಡಿದರು. ಏಕದೇವತ್ವಕ್ಕೂ ತಕ್ಕಡಿಗೂ ಏನು ಸಂಬಂಧ ಎಂದು ಚಿಕ್ಕವನಿದ್ದಾಗ ನನಗೆ ಅನಿಸುತ್ತಿತ್ತು. ಈಗ ಹೀಗೆ ತೋರುತ್ತದೆ: ದೇವನೊಬ್ಬನೇ ಎಂದು ನಂಬುವವನ ಮನೆಯಲ್ಲಿ ಎರಡು ಕೊಳಗ ಇರಲಾರದು. ಎರಡು ಕೊಳಗ ಇಟ್ಟುಕೊಂಡವನು ಬಾಯಲ್ಲಿ ಏನೇ ಹೇಳಲಿ, ಎರಡು ದೇವರುಗಳನ್ನು ಇಟ್ಟುಕೊಂಡಿದ್ದಾನೆ. ಒಂದು ಲೋಕಕ್ಕೆ, ಒಂದು ತನ್ನ ಲಾಭಕ್ಕೆ.

ಪ್ರವಾದಿ ಮುಹಮ್ಮದ್ (ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದದ್ದು ಎಂದು ವ್ಯಾಪಾರಿ ಸಮಜಾಯಿಷಿ ಕೊಟ್ಟ. ಹಾಗಿದ್ದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆಯೇ ಇಡಬೇಕಿತ್ತು ಎಂದು ಅವರು ಆಕ್ಷೇಪಿಸಿದರು. ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಮಲೆನಾಡಿನವರಿಗೆ ಈ ಹದೀಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲದ ಬಾಯಲ್ಲಿ ಒಳ್ಳೆಯ ಅಡಿಕೆ, ತಳದಲ್ಲಿ ಕರಿಕಾಯಿ ತುಂಬಿ ತಂದವರನ್ನು ಮಂಡಿಯಲ್ಲಿ ನಾವೂ ಕಂಡಿದ್ದೇವೆ. ಅದಕ್ಕೇ ಕೊಳ್ಳುವವರು ಚೀಲದ ಬಾಯಿ ನೋಡಿ ದರ ಹೇಳುವುದಿಲ್ಲ, ಸುರಿದು ನೋಡುತ್ತಾರೆ. ರಾಶಿ ಮೇಲೂ ಕೆಳಗೂ ಒಂದೇ ಆಗಿರುವುದಕ್ಕೆ ಲ್ಯಾಟಿನ್ ಬಲ್ಲವರು ಇಂಟೆಗ್ರಿಟಿ ಎಂದರು. ಮುನಾಫಿಕ್, ಅಂದರೆ ಕಪಟಿ ಎಂಬ ಅರಬಿ ಶಬ್ದವನ್ನು ಆ ಭಾಷೆಯ ನಿಘಂಟುಕಾರರು ಸುರಂಗಕ್ಕೆ ಹೇಳುವ ‘ನಫಕ್’ ಶಬ್ದದೊಂದಿಗೆ ಜೋಡಿಸುತ್ತಾರೆ. ಮರುಭೂಮಿಯ ಇಲಿಯಂಥ ಪ್ರಾಣಿಯೊಂದು ತನ್ನ ಬಿಲಕ್ಕೆ ಎರಡು ಬಾಯಿ ಇಟ್ಟುಕೊಳ್ಳುತ್ತದಂತೆ. ಒಂದರಲ್ಲಿ ಹಿಡಿಯಲು ಹೋದರೆ ಇನ್ನೊಂದರಲ್ಲಿ ಪಾರು. ಇಡಿತನದ ವಿರುದ್ಧ ಪದ ಒಡೆದ ಮಡಕೆಯಲ್ಲ. ಎರಡು ಬಾಯಿಯ ಬಿಲ.

ಈಗ ಸಾಹೇಬರು ಹೇಳಿದ ನಿಯತ್ತಿಗೆ ಬರುತ್ತೇನೆ. ಅರಬಿಯಲ್ಲಿ ನಿಯ್ಯತ್ ಎಂದರೆ ಉದ್ದೇಶ, ಸಂಕಲ್ಪ. ಕರ್ಮಗಳ ಬೆಲೆ ಸಂಕಲ್ಪದ ಮೇಲೆ ನಿಂತಿದೆ ಎಂಬ ಪ್ರವಾದಿ ವಚನವನ್ನೇ ಇಮಾಮ್ ಬುಖಾರಿಯವರು ತಮ್ಮ ಸಂಗ್ರಹದ ಮೊದಲಿಗೆ ಇಟ್ಟಿದ್ದಾರೆ. ಆ ಶಬ್ದ ಪರ್ಶಿಯನ್, ಉರ್ದುಗಳ ದಾರಿಯಲ್ಲಿ ಕನ್ನಡಕ್ಕೆ ಬಂದು ನಿಯತ್ತು ಆಯಿತು. ಬರುವಾಗ ಅರ್ಥವೂ ಸ್ವಲ್ಪ ಬದಲಾಯಿತು. ಅರಬಿಯಲ್ಲಿ ನಿಯ್ಯತ್ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಕನ್ನಡದಲ್ಲಿ ನಿಯತ್ತು ಎಂದರೆ ಒಳ್ಳೆಯದೇ. ‘ಅವನು ನಿಯತ್ತಿನ ಮನುಷ್ಯ’ ಎಂದರೆ ಮುಂದೆ ಮಾತಿಲ್ಲ. ಹಳ್ಳಿಯ ಒಕ್ಕಲಿಗರೂ, ಬ್ರಾಹ್ಮಣರೂ, ದೀವರೂ, ನಾವೂ ಈ ಶಬ್ದವನ್ನು ಎಲ್ಲಿಂದ ಬಂತೆಂದು ಕೇಳದೆ ಬಳಸುತ್ತೇವೆ. ಶಬ್ದಗಳಿಗೆ ಮಡಿ ಇಲ್ಲ. ಅವು ಮುಟ್ಟಿಸಿಕೊಂಡೇ ಬೆಳೆಯುತ್ತವೆ.

ಇನ್ನೊಂದು ಶಬ್ದದ ಕತೆ ಇಷ್ಟು ಸಂತೋಷದ್ದಲ್ಲ. ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಮಕ್ಕಾದ ಜನ ಮುಹಮ್ಮದರನ್ನು (ಸ) ಪ್ರವಾದಿಯೆಂದು ಒಪ್ಪುವ ಮೊದಲೇ ಅಲ್ ಅಮೀನ್, ನಂಬಿಕಸ್ಥ ಎಂದು ಕರೆಯುತ್ತಿದ್ದರು. ಮುಂದೆ ಅವರನ್ನು ವಿರೋಧಿಸಿದವರೂ ತಮ್ಮ ಒಡವೆ-ಹಣವನ್ನು ಅವರ ಬಳಿಯೇ ಇಡುತ್ತಿದ್ದರು. ಕ್ರಿ.ಶ. 622ರಲ್ಲಿ ಕೊಲೆಯ ಸಂಚಿನ ನಡುವೆ ಮಕ್ಕಾ ಬಿಟ್ಟು ಹೊರಡಬೇಕಾದಾಗ ಅವರು ಹಝ್ರತ್ ಅಲಿಯವರನ್ನು (ರ) ಹಿಂದೆ ಉಳಿಸಿದರು. ಆ ಅಮಾನತ್ತುಗಳನ್ನು ಆಯಾ ಜನರಿಗೆ ಮುಟ್ಟಿಸಿ ಬರುವುದಕ್ಕಾಗಿ. ತನ್ನ ಊರಿನಿಂದ ಓಡಿಸುತ್ತಿರುವವರ ಗಂಟನ್ನೂ ಕಟ್ಟಿದಂತೆಯೇ ಹಿಂತಿರುಗಿಸುವುದು! ಶತ್ರುವಿಗೆ ಬೇರೆ ಅಳತೆ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ.

ಅದೇ ಶಬ್ದ ಕನ್ನಡ ಕಚೇರಿಗಳಿಗೆ ಬಂದು ಅಮಾನತು ಆಯಿತು. ಠೇವಣಿಯಾಗಿ ಇಡು, ತಡೆದಿಡು ಎಂಬ ಅರ್ಥದಿಂದ ಸರಿಯುತ್ತ ಈಗ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದಕ್ಕೆ ಹೆಸರಾಗಿದೆ. ಪತ್ರಿಕೆಯಲ್ಲಿ ‘ಅಧಿಕಾರಿ ಅಮಾನತು’ ಎಂದು ಓದುತ್ತೇವೆ. ನಂಬಿಕೆಗೆ ಇದ್ದ ಶಬ್ದ ನಂಬಿಕೆ ಮುರಿದ ದಿನ ಮಾತ್ರ ತಲೆಬರಹಕ್ಕೆ ಬರುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಒಳಗೂ ಹೊರಗೂ ಒಂದೇ ಆಗಿರುವುದಷ್ಟೇ ಸಾಕೇ? ಮನಸ್ಸಿನಲ್ಲಿ ದ್ವೇಷ ಇಟ್ಟುಕೊಂಡು ಅದನ್ನೇ ಬಾಯಲ್ಲಿ ಆಡಿ, ಅದನ್ನೇ ಕೈಯಲ್ಲಿ ಮಾಡುವವನೂ ಒಂದು ರೀತಿಯಲ್ಲಿ ಇಡಿಯಾಗಿಯೇ ಇದ್ದಾನೆ. ಈಗಿನ ಕಾಲದಲ್ಲಿ ಅಂಥವರನ್ನು ನೇರ ನಡೆ ನುಡಿಯವರು ಎಂದು ಹೊಗಳುವುದೂ ಉಂಟು. ತನ್ನ ಕೊಳಗ ದೊಡ್ಡದೆಂದು ಬಹಿರಂಗವಾಗಿ ಒಪ್ಪಿಕೊಂಡ ಒಡೆಯ ಪ್ರಾಮಾಣಿಕನೇ?

ಅಲ್ಲ. ನಮ್ಮ ಶಬ್ದದ ಬೆಲೆ ತಿಳಿಯುವುದು ಇಲ್ಲಿ. ಪ್ರಮಾಣ ಎಂಬುದು ಅಳೆಯುವವನ ಹೊರಗೆ ಇರಬೇಕಾದ ವಸ್ತು. ಪ್ರತಿಯೊಬ್ಬನೂ ತನ್ನ ಮನಸ್ಸಿಗೆ ಬಂದಷ್ಟನ್ನು ಕೊಳಗ ಎಂದರೆ ಕೊಳಗವೇ ಇರುವುದಿಲ್ಲ. ಸಾಹೇಬರ ತಕ್ಕಡಿಗೆ ಇಲಾಖೆಯವರು ಮುದ್ರೆ ಹಾಕುವುದು ಇದೇ ಕಾರಣಕ್ಕೆ. ಅದು ಸಾಹೇಬರ ತಕ್ಕಡಿಯಾದರೂ ತೂಕ ಸಾಹೇಬರದ್ದಲ್ಲ. ಹಾಗೆಯೇ ದ್ವೇಷಿಸುವವನು ತನ್ನ ಮಕ್ಕಳಿಗೆ ಬಯಸುವ ಭದ್ರತೆಯನ್ನು ನೆರೆಯವನ ಮಕ್ಕಳಿಗೆ ನಿರಾಕರಿಸುತ್ತಾನೆ. ಅಂದರೆ ಅವನ ಬಳಿಯೂ ಎರಡು ಕೊಳಗಗಳಿವೆ. ಎರಡನ್ನೂ ಬಚ್ಚಿಡದೆ ಜಗಲಿಯ ಮೇಲೆ ಇಟ್ಟಿದ್ದಾನೆ, ಅಷ್ಟೇ. ಬಚ್ಚಿಡದಿರುವುದು ನೇರತನವಿರಬಹುದು, ನ್ಯಾಯವಲ್ಲ. ಇಡಿತನಕ್ಕೆ ಅಳತೆ ಬೇಕು, ಅಳತೆಗೆ ನಿಯತ್ತು ಬೇಕು. ಮೂರು ಭಾಷೆಗಳ ಮೂರು ಶಬ್ದಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ.

ಗೋಪಾಲಗೌಡರ ಮಾತಿಗೆ ಮರಳುತ್ತೇನೆ. 1923ರಲ್ಲಿ ಹುಟ್ಟಿದ ಅವರು ಮೂರು ಬಾರಿ ಶಾಸಕರಾದರು, 1972ರಲ್ಲಿ ತೀರಿಕೊಂಡರು. ಐವತ್ತು ತುಂಬಿರಲಿಲ್ಲ. ರಾಜಕೀಯದಿಂದ ಆಸ್ತಿ ಮಾಡಲಿಲ್ಲ ಎಂದು ಇಂದಿಗೂ ಅವರನ್ನು ನೆನೆಯುತ್ತಾರೆ. ಇದೇ ತಾಲ್ಲೂಕಿನವರಾದ ಕಡಿದಾಳ್ ಮಂಜಪ್ಪನವರು 1956ರಲ್ಲಿ ಎರಡೂವರೆ ತಿಂಗಳಷ್ಟು ಮುಖ್ಯಮಂತ್ರಿಯಾಗಿದ್ದವರು. ಅವರು ಕಾಂಗ್ರೆಸ್ಸು, ಇವರು ಸಮಾಜವಾದಿ. ಪಕ್ಷ ಬೇರೆಯಾದರೂ ಕೈ ಶುದ್ಧವಿದ್ದವರು ಎಂದು ಜನ ಇಬ್ಬರನ್ನೂ ಒಟ್ಟಿಗೆ ಹೆಸರಿಸುತ್ತಾರೆ. ಅನಂತಮೂರ್ತಿಯವರ ‘ಅವಸ್ಥೆ’ 1978ರಲ್ಲಿ ಬಂತು. ಗೋಪಾಲಗೌಡರ ಬದುಕಿನ ನೆರಳು ಅದರ ನಾಯಕ ಕೃಷ್ಣಪ್ಪ ಗೌಡನ ಮೇಲಿದೆ. ಹಾಸಿಗೆ ಹಿಡಿದ ಆ ರಾಜಕಾರಣಿಯನ್ನು ಕಾಡುವುದು ದೊಡ್ಡ ಲಂಚವಲ್ಲ. ಸುತ್ತಲಿನವರು ಪ್ರೀತಿಯಿಂದಲೋ ಲೆಕ್ಕಾಚಾರದಿಂದಲೋ ಒದಗಿಸುವ ಅನುಕೂಲಗಳು, ಒಂದೊಂದಾಗಿ ಒಪ್ಪಿಕೊಂಡ ಸಣ್ಣ ರಾಜಿಗಳು. ಮನುಷ್ಯ ಒಂದೇ ಏಟಿಗೆ ಒಡೆಯುವುದು ಅಪರೂಪ. ಕೊಳಗದ ಅಂಚು ದಿನಾ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಬದಲಾದದ್ದು ಅಳೆಯುವವನಿಗೇ ಗೊತ್ತಾಗುವುದಿಲ್ಲ.

ನನಗೂ ಗೊತ್ತಾಗಿರಲಿಲ್ಲ. ಇಷ್ಟೆಲ್ಲ ಬರೆದ ಮೇಲೆ ನನ್ನದೊಂದನ್ನು ಹೇಳದಿದ್ದರೆ ಈ ಲೇಖನವೇ ಮೇಲೆ ಒಣಗಿದ, ಕೆಳಗೆ ಒದ್ದೆಯಾದ ರಾಶಿಯಾದೀತು. ನಾನು ಒಂದು ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹಾಜರಿ ಕೊರತೆಯ ಇಬ್ಬರು ಹುಡುಗರಿದ್ದರು. ಒಬ್ಬ ಅಡಿಕೆ ಕೊಯ್ಲಿನ ಕಾಲದಲ್ಲಿ ತಾಯಿಯೊಂದಿಗೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದವನು. ಅವನ ತಾಯಿ ಬಂದು ಬೇಡಿಕೊಂಡಾಗ ನಿಯಮ ನಿಯಮವೇ ಎಂದೆ. ಶೇಕಡಾ 75 ಇಲ್ಲದಿದ್ದರೆ ನಾನೇನೂ ಮಾಡಲಾರೆ ಎಂದೆ. ನಾನು ಸುಳ್ಳು ಹೇಳಲಿಲ್ಲ, ನಿಯಮ ಇದ್ದದ್ದೇ ಹಾಗೆ. ಇನ್ನೊಬ್ಬನ ತಂದೆ ಶಾಲೆಗೆ ಬೆಂಚುಗಳನ್ನು ಕೊಡಿಸಿದ್ದವರು. ಅವರು ಬೇಡಿಕೊಳ್ಳಲೂ ಇಲ್ಲ, ಕಾಫಿ ಕುಡಿದು ಹೋದರು. ವೈದ್ಯರ ಚೀಟಿಯೊಂದು ಬಂತು. ನಾನೇ ಪುಸ್ತಕ ತೆರೆದು ಹಾಜರಿ ಸರಿಪಡಿಸಿದೆ. ಶಾಲೆಯ ಒಳಿತಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ವರ್ಷ ಒಬ್ಬ ಪರೀಕ್ಷೆ ಬರೆದ, ಒಬ್ಬ ಬರೆಯಲಿಲ್ಲ.

ಬರೆಯದವನು ಮತ್ತೆ ಶಾಲೆಗೆ ಬರಲಿಲ್ಲ. ಈಗ ಮರ ಹತ್ತಿ ಅಡಿಕೆ ಕೊನೆ ತೆಗೆಯುತ್ತಾನೆ. ದಾರಿಯಲ್ಲಿ ಸಿಕ್ಕರೆ “ನಮಸ್ಕಾರ ಮೇಷ್ಟ್ರೇ” ಎನ್ನುತ್ತಾನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಂತೆ ಕಾಣುವುದಿಲ್ಲ. ಆ ನಮಸ್ಕಾರ ತೆಗೆದುಕೊಳ್ಳುವುದು ನನಗೆ ಸುಲಭವಲ್ಲ. ನಾನು ಲಂಚ ತಿಂದವನಲ್ಲ. ಸೇವಾ ಪುಸ್ತಕದಲ್ಲಿ ನನ್ನ ಪ್ರಾಮಾಣಿಕತೆಯ ಬಗ್ಗೆ ಒಂದು ಕೆಂಪು ಗೆರೆಯೂ ಇಲ್ಲ. ಆದರೆ ಆ ಹಾಜರಿ ಪುಸ್ತಕದಲ್ಲಿ ಎರಡು ಕೊಳಗಗಳಿದ್ದವು. ಕಾಗೋಡಿನ ಬಗ್ಗೆ ಮಕ್ಕಳಿಗೆ ಪಾಠ ಹೇಳುತ್ತಿದ್ದವನು ನಾನೇ.

ವ್ಯಕ್ತಿಗಿದ್ದಂತೆ ಸಮುದಾಯಕ್ಕೂ ಕೊಳಗವಿರುತ್ತದೆ. ನಾವು ಮುಸ್ಲಿಮರು ಈ ದೇಶದಲ್ಲಿ ನ್ಯಾಯ ಕೇಳುತ್ತೇವೆ. ಕೇಳಲೇಬೇಕು. ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿ ಬಾಗಿಲು ಮುಚ್ಚುವುದು ಅನ್ಯಾಯವೇ. ಒಬ್ಬನ ತಪ್ಪಿಗೆ ಇಡೀ ಸಮುದಾಯವನ್ನು ಕಟಕಟೆಗೆ ನಿಲ್ಲಿಸುವುದು ಅನ್ಯಾಯವೇ. ಹಾಗೆ ಮಾಡುವವರು ತಮ್ಮವರ ತಪ್ಪಿಗೆ ಬೇರೆ ಅಳತೆ ಬಳಸುತ್ತಾರೆಂದು ತೋರಿಸಿಕೊಡುವ ಹಕ್ಕು ನಮಗಿದೆ. ಆದರೆ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕುರ್‌ಆನ್ ನಿಗದಿಪಡಿಸಿದ ಪಾಲನ್ನು ನಮ್ಮಲ್ಲಿ ಎಷ್ಟು ಮನೆಗಳು ಕೊಟ್ಟಿವೆ? ಧರ್ಮದ ಕಾನೂನನ್ನು ಯಾರೂ ಮುಟ್ಟಬಾರದು ಎಂದು ಸಭೆಯಲ್ಲಿ ಗುಡುಗುವ ಅಣ್ಣ, ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರುತ್ತಾನೆ. ವಧುವಿಗೆ ಕೊಡಬೇಕಾದ ಮಹರ್ ಕಾಗದದ ಮೇಲೆ ಸಣ್ಣ ಅಂಕಿಯಾಗಿ ಉಳಿಯುತ್ತದೆ. ಅವಳ ಮನೆಯಿಂದ ಬರುವ ವರದಕ್ಷಿಣೆ ಮಾತ್ರ ದೊಡ್ಡ ಕೊಳಗದಲ್ಲಿ ಅಳೆಯಲ್ಪಡುತ್ತದೆ. ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿ, ಅದು ನಿಮ್ಮ ವಿರುದ್ಧ, ನಿಮ್ಮ ಹೆತ್ತವರ ವಿರುದ್ಧ, ಬಂಧುಗಳ ವಿರುದ್ಧ ಹೋದರೂ ಸರಿ ಎಂಬ ಆದೇಶ ಅನ್ನಿಸಾ ಅಧ್ಯಾಯದಲ್ಲಿದೆ. ಅದನ್ನು ನಾವು ಓದುತ್ತೇವೆ. ಹೊರಗಿನವರಿಂದ ಪೂರ್ತಿ ಅಳೆದುಕೊಳ್ಳುವಾಗ ಮನೆಯೊಳಗೆ ಅಳೆದು ಕೊಡುವುದನ್ನು ಮರೆತರೆ 83ನೇ ಅಧ್ಯಾಯ ಯಾರ ಕುರಿತದ್ದೆಂದು ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಇದರಿಂದ ನಮ್ಮ ಬೇಡಿಕೆಗಳು ಸಣ್ಣವಾಗುವುದಿಲ್ಲ, ಗಟ್ಟಿಯಾಗುತ್ತವೆ. ಕಾಗೋಡಿನ ರೈತರು ಗೇಣಿಯೇ ಕೊಡುವುದಿಲ್ಲ ಎಂದು ಹಟ ಹಿಡಿದು ಎದ್ದವರಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದವರು. ಒಂದೇ ಅಳತೆಗೆ ತಾನೂ ಒಪ್ಪಿದವನ ಮಾತಿಗೆ ಉತ್ತರ ಕೊಡುವುದು ಎದುರಿನವನಿಗೆ ಕಷ್ಟ.

ತಿಂಗಳ ಮೇಲೆ ಮತ್ತೆ ಮೇಗರವಳ್ಳಿಗೆ ಹೋಗಿದ್ದೆ. ಹುಡುಗಿ ಪರೀಕ್ಷೆ ಬರೆದು ಬಂದಿದ್ದಳು. ನಿನ್ನ ಶಬ್ದಕ್ಕೆ ಅರ್ಥ ಸಿಕ್ಕಿತು, ಆದರೆ ಒಂದು ಸಾಲಿನಲ್ಲಿ ಹೇಳಲಾರೆ ಎಂದೆ. ಇಡಿಯಾಗಿರುವುದು ಎಂದು ಶುರುಮಾಡಿ ಲ್ಯಾಟಿನ್, ಸಂಸ್ಕೃತ, ಅರಬಿ ಎಲ್ಲ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ಸಾಹೇಬರು ಅಂದೂ ಕೆಲಸದಲ್ಲೇ ಇದ್ದರು. ಒಬ್ಬ ರೈತನ ಸೀಗೆಕಾಯಿ ತೂಗಿ ಕೊಂಡುಕೊಂಡರು. ಅವನು ಆ ದುಡ್ಡಿನಲ್ಲೇ ಸಕ್ಕರೆ, ತೊಗರಿಬೇಳೆ ಕೇಳಿದ. ಅದೇ ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸಿ, ಅದೇ ಬಟ್ಟುಗಳನ್ನು ಇಟ್ಟು ತೂಗಿ ಕೊಟ್ಟರು. ಆ ಅಂಗಡಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಅಲ್ಲಿ ಕೊಳ್ಳುವುದಕ್ಕೂ ಮಾರುವುದಕ್ಕೂ ಇರುವುದು ಒಂದೇ ತಕ್ಕಡಿ ಎಂಬುದನ್ನು ನಾನು ಗಮನಿಸಿದ್ದು ಅಂದೇ.